ನಿಂತ ನೀರಿಗೆ ಒಡೀಲಿಯಾ ಕಟ್ಟಿದ ನೊಣ

ಅನ್ಸೆಲ್ಮೊ ಮೇಷ್ಟ್ರು ಒಡೀಲಿಯಾಳನ್ನು ಮೊದಲ ಬಾರಿ ಕಂಡ ದಿನವೇ ಆಕೆಯ ಅರ್ಧ ದಿನದ ಕೆಲಸವನ್ನು ಒಂದು ಸೀನಿನಿಂದ ಹಾಳು ಮಾಡಿದರು.

ನವೆಂಬರ್ ತಿಂಗಳು. ಸಾಪಾಲದ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು ಕಲ್ಫು ಸರೋವರದ ದಂಡೆಯಲ್ಲಿ ಒಂದು ಕೋಣೆ, ಒಂದು ಸೌದೆ ಒಲೆ ಇದ್ದ ಮನೆಯನ್ನು ಹಿಡಿದು ಎಂಟು ದಿನವೂ ಆಗಿರಲಿಲ್ಲ. ಉಳಿದ ಆಯುಷ್ಯದಲ್ಲಿ ಟ್ರೌಟ್ ಮೀನು ಹಿಡಿಯಬೇಕೆಂಬುದು ಅವರ ಹಳೆಯ ಆಸೆ. ಬೀಳ್ಕೊಡುಗೆಯ ದಿನ ಜೊತೆಯ ಶಿಕ್ಷಕರೆಲ್ಲ ಸೇರಿ ಒಂದು ಒಳ್ಳೆಯ ಗಾಳದ ಕೋಲನ್ನು ಕೊಟ್ಟಿದ್ದರು. ಮೀನನ್ನು ಮರುಳು ಮಾಡಲು ಗಾಳಕ್ಕೆ ಗರಿ, ನೂಲು ಸುತ್ತಿ ಕಟ್ಟುವ ಹುಸಿ ನೊಣ ಮಾತ್ರ ಇರಲಿಲ್ಲ. ಅಂಗಡಿಯವನು, "ನೀಲಿ ಬಾಗಿಲಿನ ಮನೆಗೆ ಹೋಗಿ ಮೇಷ್ಟ್ರೇ, ಇಪ್ಪತ್ತೇಳು ವರ್ಷದಿಂದ ನೊಣ ಕಟ್ಟೋದೇ ಆಕೆ ಕೆಲಸ" ಎಂದು ದಾರಿ ತೋರಿಸಿದ್ದ.

ಬಾಗಿಲು ತಟ್ಟಿದಾಗ ಒಳಗಿನಿಂದ ಒಂದು ದನಿ ಬಂತು. "ಮೆಲ್ಲಗೆ ತೆಗೀರಿ, ಬೇಗ ಮುಚ್ಚಿ. ಉಸಿರು ಆಮೇಲೆ ಬಿಡಿ."

ಕಿಟಕಿಯ ಪಕ್ಕದ ಅಡುಗೆಮನೆಯ ಮೇಜಿನ ಮೇಲೆ ಹಿಟ್ಟು ನಾದುವ ಹಲಗೆ. ಅದರ ಅಂಚಿಗೆ ಕಚ್ಚಿಸಿದ ಒಂದು ಪುಟ್ಟ ವೈಸು, ಬಿಗಿಹಿಡಿಯುವ ಇಕ್ಕಳ. ವೈಸಿನ ಬಾಯಲ್ಲಿ ಒಂದು ಗಾಳ. ಸುತ್ತಲೂ ಚೋಯ್ಕೆ ಹಕ್ಕಿಯ ಗರಿ, ಮೊಲದ ತುಪ್ಪಳ, ಬೆಳ್ಳಿಯ ಜರಿ, ಹಂದಿಮರಿಯ ನಸುಗೆಂಪು ಬಣ್ಣದ ನೂಲು, ಎಲ್ಲವೂ ಸಣ್ಣ ಸಣ್ಣ ಗುಡ್ಡೆಗಳಾಗಿ. ಒಲೆಯ ಮೇಲೆ ಕುರಿಕೊಬ್ಬಿನಲ್ಲಿ ರೊಟ್ಟಿ ಬೇಯುತ್ತಿತ್ತು. ಐವತ್ತೆಂಟರ ಹೆಂಗಸು, ಅಗಲ ಮುಖ, ಮೂಗಿನ ತುದಿಯಲ್ಲಿ ಕನ್ನಡಕ. ಮೇಷ್ಟ್ರು ನಮಸ್ಕಾರ ಹೇಳಲು ಬಾಯಿ ತೆರೆದರು. ಬಂದದ್ದು ಸೀನು.

ಗರಿಗಳೆಲ್ಲ ಎದ್ದವು. ಕೆಲವು ತೊಲೆಗೆ ಹತ್ತಿದವು, ಕೆಲವು ಬಾಣಲೆಗೆ ಬಿದ್ದವು. ಒಡೀಲಿಯಾ ಕೈಯಲ್ಲಿದ್ದ ದಾರವನ್ನು ಬಿಡದೆ ತಲೆ ಮಾತ್ರ ಎತ್ತಿದಳು.

"ಪಡುವಣ ಗಾಳಿ ಮನೆ ಹೊರಗಡೆ ಬೀಸೋದು ಅಂದ್ಕೊಂಡಿದ್ದೆ" ಎಂದಳು. "ಕೂತ್ಕೊಳ್ಳಿ. ನೀವು ಹೊಸ ಮೇಷ್ಟ್ರು ತಾನೆ? ಹೆಕ್ಕಿ ಕೊಡಿ. ಬಿಳೀದು ಬಿಳೀದರ ಜೊತೆ, ಕಂದು ಕಂದಿನ ಜೊತೆ. ರೊಟ್ಟಿಯೊಳಗೆ ಹೋಗಿರೋದನ್ನ ನೀವೇ ತಿನ್ನಿ."

ಆ ಮಧ್ಯಾಹ್ನವೆಲ್ಲ ಮೇಷ್ಟ್ರು ಗರಿ ಹೆಕ್ಕಿದರು. ಆಕೆ ಕಟ್ಟುವುದನ್ನು ನೋಡಿದರು. ಉದ್ದ ಕಾಲಿನ ಗಾಳಕ್ಕೆ ಮೊದಲು ದಾರದ ಹಾಸು. ಬಾಲದ ಕಡೆ ಮೊಲದ ತುಪ್ಪಳದ ಚಿಟಿಕೆ. ಮೈಗೆ ಜರಿ, ಒಂದರ ಪಕ್ಕ ಒಂದು ಸುತ್ತು, ನಡುವೆ ಕೂದಲೆಳೆಯಷ್ಟೂ ಸಂದು ಇಲ್ಲ. ಬೆನ್ನ ಮೇಲೆ ಎರಡು ಗರಿ, ಹಿಂದಕ್ಕೆ ಚಾಚಿದ ಹಾಗೆ. ಕುತ್ತಿಗೆಯ ಹತ್ತಿರ ಸೀಸದ ಒಂದು ಜೊತೆ ಮಣಿ, ಅವೇ ಕಣ್ಣು. ಕೊನೆಗೆ ತಲೆಗೆ ಕಪ್ಪು ದಾರ, ಅದರ ಮೇಲೆ ಒಂದು ಹನಿ ಉಗುರುಬಣ್ಣ. ನೊಣವೆಂದು ಹೆಸರೇ ಹೊರತು ಕಾಣುವುದಕ್ಕೆ ಅದು ಬೆರಳುದ್ದದ ಮೀನುಮರಿ. ದಂಡೆಯ ಜೊಂಡಿನಲ್ಲಿ ಓಡಾಡುವ ಪುಯೆನ್ ಎಂಬ ಸಣ್ಣ ಮೀನಿನ ಮರಿಯನ್ನು ದೊಡ್ಡ ಟ್ರೌಟು ಬೆನ್ನಟ್ಟಿ ತಿನ್ನುತ್ತದೆಯಲ್ಲ, ಅದರ ವೇಷ. ಪೇಟೆಯವರು ಇದನ್ನು ಸ್ಟ್ರೀಮರ್ ಎನ್ನುತ್ತಾರೆ. ಒಡೀಲಿಯಾಳ ಸ್ಟ್ರೀಮರ್‌ಗಳಿಗೆ ಗಾಳಗಾರರನ್ನು ನದಿಗೆ ಕರೆದೊಯ್ಯುವ ಹುನಿನ್ ಪೇಟೆಯ ಮಾರ್ಗದರ್ಶಕರೆಲ್ಲ ಸಾಲುಗಟ್ಟಿ ನಿಲ್ಲುತ್ತಿದ್ದರು.

"ಇದರಲ್ಲಿ ನೀವು ಎಷ್ಟು ದೊಡ್ಡ ಮೀನು ಹಿಡಿದಿದ್ದೀರಿ, ದೋನ್ಯಾ ಒಡೀಲಿಯಾ?" ಎಂದು ಮೇಷ್ಟ್ರು ಕೇಳಿದರು.

"ನಾನಾ? ಇದರಲ್ಲಾ? ಒಂದೂ ಇಲ್ಲ" ಎಂದಳು, ಚಪ್ಪಲಿ ಹೊಲಿಯುವವನನ್ನು ಕುಣಿಯುತ್ತೀಯಾ ಎಂದು ಕೇಳಿದಂತೆ.

ಆಕೆ ಮೀನು ಹಿಡಿದಿರಲಿಲ್ಲವೆಂದಲ್ಲ. ಸರೋವರದ ಸುತ್ತಲಿನ ಎಲ್ಲ ಮನೆಯವರ ಹಾಗೆ ಡಬ್ಬಿಯಲ್ಲಿ ಹಿಡಿದಿದ್ದಳು. ಖಾಲಿಯಾದ ಟೊಮೇಟೊ ಡಬ್ಬಿಗೆ ನೈಲಾನ್ ದಾರ ಸುತ್ತಿ, ತುದಿಗೆ ಮಿನುಗುವ ತಗಡಿನ ಚೂರು ಮತ್ತು ಗಾಳ ಕಟ್ಟಿ, ತಲೆಯ ಮೇಲೆ ಗಿರಗಿರ ತಿರುಗಿಸಿ ಎಸೆಯುವುದು. ಎಡಗೈಯಲ್ಲಿ ಡಬ್ಬಿ ಹಿಡಿದು ಬಲಗೈಯಿಂದ ದಾರವನ್ನು ಮತ್ತೆ ಸುತ್ತಿಕೊಳ್ಳುವುದು. ಮೀನು ಕಚ್ಚಿತೋ, ದಾರವನ್ನು ಬಿಗಿಹಿಡಿದು ದಂಡೆಯ ಮೇಲೆ ಹಿಂದಕ್ಕೆ ಹಿಂದಕ್ಕೆ ಓಡುವುದು, ಮೀನು ಕಲ್ಲಿನ ಮೇಲೆ ಬರುವ ತನಕ. ಹತ್ತು ವರ್ಷದ ಹಿಂದೆ ಈ ಸರೋವರದಲ್ಲಿ ಡಬ್ಬಿ ನಿಷಿದ್ಧವಾಯಿತು. ನೊಣದಿಂದ ಮಾತ್ರ ಹಿಡಿಯಬೇಕು, ಹಿಡಿದದ್ದನ್ನು ನೀರಿಗೆ ಬಿಡಬೇಕು. ಅಂದಿನಿಂದ ಡಬ್ಬಿಗಳೆಲ್ಲ ಬೇಲಿಗೇರಿ ಹೂವಿನ ಕುಂಡಗಳಾದವು.

ಒಡೀಲಿಯಾಳಿಗೆ ಒಂದು ದೋಣಿ ಇತ್ತು. ಗಂಡ ಸೆಗುಂದೊ ಕಟ್ಟಿದ್ದು. ಅವನು ತೀರಿಕೊಂಡ ಮೇಲೆ ಆಕೆಯೇ ಹುಟ್ಟು ಹಾಕುತ್ತಿದ್ದಳು. ಹೊರಗಿನಿಂದ ಬಂದ ಗಾಳಗಾರರನ್ನು ಕೂರಿಸಿಕೊಂಡು ಬೆಳಿಗ್ಗೆ ಎಂಟರಿಂದ ಗಾಳಿ ಏಳುವ ತನಕ ಸರೋವರ ಸುತ್ತುವುದು. ಅವರು ನೊಣವನ್ನು ನೀರಿಗಿಟ್ಟು ದಾರ ಬಿಟ್ಟು ಸುಮ್ಮನೆ ಕೂರುತ್ತಿದ್ದರು. ಈಕೆ ಹುಟ್ಟು ಎಳೆದಂತೆ ನೊಣ ಹಿಂದೆ ಈಜಿಕೊಂಡು ಬರುತ್ತಿತ್ತು. ಮೀನು ಬಿದ್ದರೆ ಬಿತ್ತು.

"ಒಲೆ ಮುಂದೆ ನಾನು ಸೆಗುಂದೊ ಹೆಂಡತಿ, ಪಾಪ" ಎಂದು ಒಂದು ದಿನ ಮೇಷ್ಟ್ರಿಗೆ ಹೇಳಿದಳು. "ದೋಣಿಯಲ್ಲಿ ಒಡೀಲಿಯಾ. ಆ 'ಪಾಪ' ನೀರಿಗಿಳಿಯಲ್ಲ ನೋಡಿ, ದಂಡೇಲೇ ನಿಂತ್ಕೊಳತ್ತೆ."

ಡಿಸೆಂಬರಿನಲ್ಲಿ ಮೀನುಗಾರಿಕೆ ಇಲಾಖೆಯಿಂದ ಹೊಸ ಸುತ್ತೋಲೆ ಬಂತು. ಮಾರ್ಗದರ್ಶಕರ ಚೀಟಿ ಇಲ್ಲದವರು ಇನ್ನು ಮೀನು ಹಿಡಿಯುವ ಅತಿಥಿಗಳನ್ನು ದೋಣಿಗೆ ಹತ್ತಿಸುವಂತಿಲ್ಲ. ಚೀಟಿ ಬೇಕಾದರೆ ಫೆಬ್ರವರಿಯ ಮೊದಲ ವಾರ ಪರೀಕ್ಷೆ. ಒಂದು ಬರವಣಿಗೆಯದು. ಇನ್ನೊಂದು, ಪರೀಕ್ಷಕರ ಎದುರಿಗೆ ನಿಂತ ನೀರಿನಲ್ಲಿ ನೊಣ ಎಸೆದು, ಕೈಯಿಂದ ಎಳೆದು ಮೀನು ಹಿಡಿದು ತೋರಿಸುವುದು. ದೋಣಿಯ ಹಿಂದೆ ಎಳೆದುಕೊಂಡು ಹೋಗುವುದು ಲೆಕ್ಕಕ್ಕಿಲ್ಲ. ಸುತ್ತೋಲೆಯನ್ನು ಒಡೀಲಿಯಾ ಮೂರು ಸಲ ಓದಿದಳು. ಹೊರಗೆ ಹೋಗಿ ದೋಣಿಯನ್ನು ದಂಡೆಗೆಳೆದು ಬೋರಲು ಹಾಕಿದಳು. ದೋಣಿ ಸೋರುತ್ತಿತ್ತೆಂದಲ್ಲ.

ಬರವಣಿಗೆಯ ಪಾಠಕ್ಕೆ ಮೇಷ್ಟ್ರು ನಿಂತರು. ಅದು ಅವರಿಗೆ ಹೊಸ ಜೀವ ಬಂದ ಹಾಗೆ. ಒಂದು ಪ್ರಶ್ನೆಗೆ ನಾಲ್ಕು ಉತ್ತರ, ಸರಿಯಾದದ್ದಕ್ಕೆ ಗುರುತು ಹಾಕಬೇಕು.

"ಗಾಳಿ ಜೋರಾದರೆ ಮಾರ್ಗದರ್ಶಕನು ಏನು ಮಾಡಬೇಕು?" ಎಂದು ಓದಿದರು. "ದಂಡೆಗೆ ಮರಳಬೇಕು. ಆಸರೆಯ ಕೊಲ್ಲಿಗೆ ಹೋಗಬೇಕು. ಅತಿಥಿಯನ್ನು ಸಮಾಧಾನ ಮಾಡಬೇಕು. ರಕ್ಷಣೆಗೆ ಕರೆ ಮಾಡಬೇಕು."

"ನಾಲ್ಕೂ ಮಾಡ್ತೀನಿ."

"ಒಂದಕ್ಕೇ ಗುರುತು ಹಾಕಬೇಕು, ದೋನ್ಯಾ."

"ಹಾಗಾದರೆ ಇದನ್ನ ಬರೆದೋರು ಯಾವತ್ತೂ ಗಾಳೀಲಿ ಸಿಕ್ಕಿಲ್ಲ" ಎಂದು ಆಕೆ ಮಾಟೆ ಕಷಾಯದ ಸೋರೆಬುರುಡೆಯನ್ನು ಮೇಷ್ಟ್ರ ಕಡೆ ತಳ್ಳಿದಳು. ಆದರೂ ಬರವಣಿಗೆ ಆಕೆಗೆ ಬಂತು. ಆರನೆಯ ತರಗತಿಯ ತನಕ ಓದಿದವಳು, ನೆನಪು ಚುರುಕು. ತೊಡಕಾದದ್ದು ನೀರು.

ನೀರಿನ ಪಾಠಕ್ಕೆ ಫೌಸ್ತೊ ಲಿಸಾಸೊ ಬಂದ. ಹುನಿನ್ ಕಡೆಯ ನದಿ ಮಾರ್ಗದರ್ಶಕ, ನಲವತ್ತರ ಪ್ರಾಯ, ಆಕೆಯ ನೊಣಗಳಿಂದಲೇ ಹೆಸರು ಮಾಡಿದವನು, ಆ ಋಣವನ್ನು ಮರೆಯದವನು. ಎಸೆಯುವುದನ್ನು ಎರಡು ದಿನದಲ್ಲಿ ಕಲಿಸಿದ. ಡಬ್ಬಿಯ ತಗಡನ್ನು ನಲವತ್ತು ವರ್ಷ ತಿರುಗಿಸಿದ ತೋಳಿಗೆ ಅದು ಕಷ್ಟವಾಗಲಿಲ್ಲ.

"ಸೊಗಸಾಗಿದೆ" ಎಂದ ಫೌಸ್ತೊ. "ಈಗ ನೊಣ ಬಿತ್ತು. ಕೋಲಿನ ತುದಿ ನೀರಿನ ಕಡೆ ಬಾಗಿಸಿ. ಈಗ ಏನೂ ಮಾಡಬೇಡಿ. ನೀರು ಅದನ್ನ ಅಡ್ಡಡ್ಡ ತಗೊಂಡು ಹೋಗತ್ತೆ."

ಆಕೆ ಏನೂ ಮಾಡಲಿಲ್ಲ. ಮೇಷ್ಟ್ರು ಏನೂ ಮಾಡಲಿಲ್ಲ. ಸರೋವರವೂ ಏನೂ ಮಾಡಲಿಲ್ಲ. ದಾರ ಒಗೆದು ಹರವಿದ ಬಟ್ಟೆಯ ಹಾಗೆ ಬಿದ್ದುಕೊಂಡಿತ್ತು.

"ಯಾವಾಗ ತಗೊಂಡು ಹೋಗತ್ತೆ?" ಎಂದು ಸ್ವಲ್ಪ ಹೊತ್ತಿನ ಮೇಲೆ ಒಡೀಲಿಯಾ ಕೇಳಿದಳು.

ಫೌಸ್ತೊ ನೀರನ್ನು ನೋಡಿದ. "ನದೀಲಿ ತಗೊಂಡು ಹೋಗತ್ತೆ."

"ಇದು ನದಿ ಅಲ್ವಲ್ಲಪ್ಪ."

"ಅಲ್ಲ" ಎಂದು ಫೌಸ್ತೊ ಟೋಪಿ ತೆಗೆದು ತಲೆ ಕೆರೆದುಕೊಂಡ. "ಇಲ್ಲಿ ನಾವು ಯಾರೂ ನಿಂತು ಹಿಡಿದಿಲ್ಲ, ದೋನ್ಯಾ. ನಿಜ ಹೇಳ್ಬೇಕು ಅಂದ್ರೆ ಇದು ಡಬ್ಬಿಯವರ ನೀರು ಅಂತ ನಮಗೆ ಸ್ವಲ್ಪ ತಾತ್ಸಾರ."

"ಡಬ್ಬಿಯವರು ಅಂದ್ರೆ ನಾವು."

"ನೀವು ಅಂತ ನಾನು ಹೇಳ್ಲಿಲ್ಲ."

ಅಲ್ಲಿಂದ ಗೊಂದಲ ಶುರುವಾಯಿತು. ಮರುದಿನ ಫೌಸ್ತೊ ಪೇಟೆಯಲ್ಲಿ ಯಾರನ್ನೋ ಕೇಳಿಕೊಂಡು ಬಂದು, ಜೋರಾಗಿ ಎಳೆಯಬೇಕು, ಮೊಳ ಮೊಳ ಎಳೆಯಬೇಕು ಎಂದ. ಅದರ ಮುಂದಿನ ವಾರ ಬೇರೊಬ್ಬರನ್ನು ಕೇಳಿ, ಇಪ್ಪತ್ತರ ತನಕ ಎಣಿಸಬೇಕು, ನೊಣ ತಳಕ್ಕೆ ಇಳಿಯಬೇಕು, ಆಮೇಲೆ ಎಳೆಯಬೇಕು ಎಂದ. ಒಡೀಲಿಯಾ ಇಪ್ಪತ್ತು ಎಣಿಸಿದಳು. ನೊಣ ತಳದ ಕಲ್ಲಿಗೆ ಸಿಕ್ಕಿಕೊಂಡಿತು. ಹತ್ತು ಎಣಿಸಿದಳು. ಜೊಂಡು ಬಂತು. ಬಿಸಿಲಿದ್ದರೆ ಬಿಳಿಯ ನೊಣ, ಮೋಡವಿದ್ದರೆ ಕರಿಯದು ಎಂದು ಇನ್ನೊಬ್ಬ ಹೇಳಿ ಕಳುಹಿಸಿದ. ಕಲ್ಫುವಿನಲ್ಲಿ ಒಂದು ಗಂಟೆಯಲ್ಲಿ ನಾಲ್ಕು ಸಲ ಬಿಸಿಲು, ನಾಲ್ಕು ಸಲ ಮೋಡ. ಆಕೆ ನೊಣ ಬದಲಾಯಿಸುವುದರಲ್ಲೇ ಬೆಳಗು ಕಳೆಯುತ್ತಿತ್ತು. ಮೇಷ್ಟ್ರು ಹಳೆಯ ನೋಟುಬುಕ್ಕಿನಲ್ಲಿ ಗೆರೆ ಎಳೆದು ಎಲ್ಲ ಬರೆದುಕೊಂಡರು: ಆಕಾಶ, ಗಾಳಿ, ನೊಣ, ಎಣಿಕೆ, ಫಲ. ಫಲದ ಅಂಕಣದಲ್ಲಿ ಇಲ್ಲ, ಇಲ್ಲ, ಜೊಂಡು, ಇಲ್ಲ, ಮೇಷ್ಟ್ರ ಟೋಪಿ, ಇಲ್ಲ.

ಅತ್ಯಂತ ಕಳವಳ ತಂದದ್ದು ಮೀನುಗಳು ಬರುತ್ತಿದ್ದುದೇ. ಅವು ಬಾರದಿದ್ದರೆ ಮನಸ್ಸಿಗೆ ಒಂದು ಸಮಾಧಾನ. ತಿಳಿನೀರಿನಲ್ಲಿ ಕಂದು ಬೆನ್ನಿನ ದೊಡ್ಡ ಟ್ರೌಟು ನೊಣದ ಹಿಂದೆಯೇ ಬರುತ್ತಿತ್ತು, ಮೂಗು ತಾಗುವಷ್ಟು ಹತ್ತಿರ. ಆಕೆ ಎಳೆಯುವುದನ್ನು ನಿಲ್ಲಿಸಿ ಮತ್ತೆ ಎಳೆಯುವ ಆ ಕ್ಷಣದಲ್ಲಿ ಏನನ್ನೋ ನೋಡಿ ತಿರುಗಿ ಹೋಗುತ್ತಿತ್ತು.

"ಏನ್ ನೋಡತ್ತೆ ಅದು?" ಎಂದು ಒಡೀಲಿಯಾ ಕೇಳುತ್ತಿದ್ದಳು. "ನನ್ನ ಮುಖ ಕಾಣತ್ತಾ?"

ಕೊನೆಗೆ ಮೇಷ್ಟ್ರಿಗೆ ಒಂದು ಯೋಚನೆ ಬಂತು. ಬಟ್ಟೆ ಒಗೆಯುವ ಉದ್ದ ಬಾನಿಗೆ ನೀರು ತುಂಬಿದರು. ನೊಣಕ್ಕೆ ದಾರ ಕಟ್ಟಿ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದರು, ಒಡೀಲಿಯಾ ಮೊಣಕಾಲೂರಿ ನೀರಿನ ಮಟ್ಟಕ್ಕೆ ಕಣ್ಣಿಟ್ಟಳು. ಆ ಹೊತ್ತಿಗೆ ಪಕ್ಕದ ಮನೆಯ ಸುಲೇಮಾ ಮೊಟ್ಟೆ ಕೇಳಲು ಬಂದಳು. ಒಡೀಲಿಯಾಳ ನಾದಿನಿ, ಬಾಯಿ ಚೂಪು.

"ಏನೇ ಇದು? ಈ ವಯಸ್ಸಲ್ಲಿ ಬಾನಿ ಮುಂದೆ ಕೂತು ಆಟ ಆಡ್ತಿದೀರಾ ಇಬ್ಬರೂ?"

"ಸುಮ್ಮನಿರು ಸುಲೇಮಾ. ಮೇಷ್ಟ್ರೇ, ಇನ್ನೊಂದು ಸಲ."

ಮೇಷ್ಟ್ರು ಎಳೆದರು, ನಿಲ್ಲಿಸಿದರು. ನಿಲ್ಲಿಸಿದ ಕೂಡಲೇ ನೊಣ ತಲೆ ಕೆಳಗಾಗಿ ಬಾನಿಯ ತಳಕ್ಕೆ ಧುಮುಕಿತು. ಬಾಲ ಮೇಲೆ, ಮೂಗು ಕೆಳಗೆ. ಮತ್ತೆ ಎಳೆದರು, ಎದ್ದು ನಾಲ್ಕು ಬೆರಳು ಈಜಿತು, ನಿಲ್ಲಿಸಿದರು, ಮತ್ತೆ ಧುಮುಕಿತು.

"ಅಮಲೇರಿದ ಮೀನು" ಎಂದಳು ಸುಲೇಮಾ.

ಒಡೀಲಿಯಾ ನಗಲಿಲ್ಲ. ನೊಣವನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಸೀಸದ ಕಣ್ಣು. ಇಪ್ಪತ್ತೇಳು ವರ್ಷದಿಂದ ನದಿಯವರು ಹೇಳಿದ್ದಕ್ಕೆ ಹಾಕಿದ ಸೀಸ. ಹರಿವ ನೀರು ಅದನ್ನು ಎತ್ತಿ ಹಿಡಿಯುತ್ತಿತ್ತು. ಸರೋವರದಲ್ಲಿ ಈವರೆಗೆ ಅದನ್ನು ಎತ್ತಿ ಹಿಡಿದದ್ದು ತನ್ನ ಹುಟ್ಟು. ನೊಣ ತಾನಾಗಿ ಈಜುತ್ತದೆ ಎಂದು ಆಕೆ ಇಷ್ಟು ದಿನ ನಂಬಿದ್ದಳು.

"ಇಷ್ಟು ವರ್ಷ ನಾನು ಮುಳುಗಿ ಸಾಯೋ ಮೀನನ್ನೇ ಕಟ್ಟಿದೀನಾ, ಮೇಷ್ಟ್ರೇ?"

"ನದಿಗೆ ಅದು ಸರಿಯಾದದ್ದೇ" ಎಂದರು ಮೇಷ್ಟ್ರು. ಅವರ ಮಾತು ಅವರಿಗೇ ಅಷ್ಟು ಗಟ್ಟಿಯಾಗಿ ಕೇಳಿಸಲಿಲ್ಲ.

ರಾತ್ರಿಯಾಗಲೆಂದೂ ಕಾಯದೆ ಸಂಜೆಯೊಳಗೆ ಸೀಸವಿಲ್ಲದ ಮೂರು ನೊಣ ಕಟ್ಟಿದಳು. ಬಾನಿಯಲ್ಲಿ ಅವು ನಿಲ್ಲಿಸಿದಲ್ಲಿ ನಿಂತವು, ಮೈ ಸಮವಾಗಿ, ಗರಿ ಮಾತ್ರ ಉಸಿರಾಡುವಂತೆ ಅಲುಗುತ್ತ. ಸರೋವರದಲ್ಲಿ ಮೀನುಗಳು ಇನ್ನೂ ಹತ್ತಿರ ಬಂದವು. ಆದರೂ ತಿರುಗಿ ಹೋದವು. ಈಗ ಸೀಸದ ಮೇಲೆ ಹೊರಿಸುವ ಹಾಗೂ ಇರಲಿಲ್ಲ. ನೊಣವೇ, ಬಣ್ಣವೇ, ಕೈಯೇ, ಆಕಾಶವೇ? ಒಡೀಲಿಯಾ ಹದ ತಪ್ಪಿದವಳಂತೆ ಒಂದು ದಿನ ಜೋರಾಗಿ ಎಳೆಯುವಳು, ಒಂದು ದಿನ ಮೆಲ್ಲಗೆ. ಜನವರಿ ಮುಗಿಯಿತು.

ಪರೀಕ್ಷೆಯ ಬೆಳಿಗ್ಗೆ ಪರೀಕ್ಷಕ ಒಲಾಸಾಬಲ್ ಬಂದ. ತೆಳ್ಳನೆಯ ಮನುಷ್ಯ, ಮಾತು ಮೃದು, ಕಂಕುಳಲ್ಲಿ ಪ್ಲಾಸ್ಟಿಕ್ ಹೊದಿಕೆಯ ನಿಯಮಾವಳಿ. ಬರವಣಿಗೆ ಶಾಲೆಯ ಹಜಾರದಲ್ಲಿ ಮುಗಿಯಿತು. ಆಕೆ ಒಂದೇ ಒಂದು ತಪ್ಪು ಮಾಡಿದ್ದಳು, ಗಾಳಿಯ ಪ್ರಶ್ನೆಗೆ ನಾಲ್ಕಕ್ಕೂ ಗುರುತು ಹಾಕಿದ್ದಳು. ಆಮೇಲೆ ಎಲ್ಲರೂ ಕಲ್ಲುದಂಡೆಗೆ ಹೋದರು. ಫೌಸ್ತೊ ಬಂದಿದ್ದ, ಸುಲೇಮಾ ಬಂದಿದ್ದಳು. ಮೇಷ್ಟ್ರು ತಮ್ಮ ವಿದ್ಯಾರ್ಥಿಗಳ ಯಾವ ಪರೀಕ್ಷೆಯಲ್ಲೂ ಹೀಗೆ ಮತ್ತೆ ಮತ್ತೆ ಗಡಿಯಾರ ನೋಡಿರಲಿಲ್ಲ.

"ನಿಮಗೆ ಒಂದು ಗಂಟೆ ಸಮಯ, ಸೆನ್ಯೋರಾ" ಎಂದ ಒಲಾಸಾಬಲ್. "ನೀವು ಸಿದ್ಧವಾದಾಗ."

ಆಕೆ ಎಸೆದಳು. ದಾರ ನೇರವಾಗಿ ಹೋಗಿ ಹಗುರಾಗಿ ಇಳಿಯಿತು. ಪರೀಕ್ಷಕ ತಲೆದೂಗಿ ಏನೋ ಬರೆದುಕೊಂಡ. ಆಕೆ ಮೊಳ ಮೊಳ ಎಳೆದಳು. ಇಲ್ಲ. ಹತ್ತು ಎಣಿಸಿ ಎಳೆದಳು. ಒಂದು ಮೀನು ಬಂತು, ಹೋಯಿತು. ಐದು ಎಣಿಸಿ ಎಳೆದಳು. ಕಪ್ಪು ನೊಣ ಹಾಕಿದಳು, ಬಿಳಿಯದು ಹಾಕಿದಳು. ನಲವತ್ತು ನಿಮಿಷವಾಯಿತು. ಫೌಸ್ತೊ ಬೆರಳಿನಿಂದ ಸನ್ನೆ ಮಾಡಿದ, ಬೇಗ ಎಂದೋ ಮೆಲ್ಲಗೆ ಎಂದೋ ತಿಳಿಯಲಿಲ್ಲ. ಸುಲೇಮಾ ಸುಮ್ಮನೆ ನಿಂತಿದ್ದಳು. ಆಕೆ ಸುಮ್ಮನಿರುವುದನ್ನು ಕಂಡು ಮೇಷ್ಟ್ರಿಗೆ ಇನ್ನಷ್ಟು ಭಯವಾಯಿತು.

ಒಡೀಲಿಯಾ ಇನ್ನೊಮ್ಮೆ ಎಸೆದು ಸುಮ್ಮನೆ ನಿಂತಳು. ಎಷ್ಟು ಎಣಿಸಬೇಕೆಂಬುದು ಮರೆತಿತ್ತೋ ಏನೋ. ಅವಳ ಮುಖದಲ್ಲಿ ಯಾವ ಯೋಚನೆಯೂ ಕಾಣಲಿಲ್ಲ. ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ಎಡ ಅಂಗೈಯನ್ನು ಮುಷ್ಟಿ ಮಾಡಿದಳು. ಬಲಗೈಯಿಂದ ದಾರವನ್ನು ಆ ಮುಷ್ಟಿಯ ಸುತ್ತ ಸುತ್ತತೊಡಗಿದಳು, ಒಂದೇ ಹದದಲ್ಲಿ, ಎಲ್ಲೂ ನಿಲ್ಲದೆ, ಮುಷ್ಟಿಯೇ ಡಬ್ಬಿಯೆಂಬಂತೆ.

ಆರನೆಯ ಸುತ್ತೋ ಏಳನೆಯದೋ. ದಾರ ಬಿಗಿಯಾಯಿತು. ನೀರು ಸೀಳಿ ಕಂದು ಬೆನ್ನೊಂದು ಹೊರಳಿತು.

ಆಮೇಲೆ ನಡೆದದ್ದನ್ನು ನೋಡಿದ ನಾಲ್ವರೂ ನಾಲ್ಕು ಬಗೆಯಾಗಿ ಹೇಳುತ್ತಾರೆ. ಮೇಷ್ಟ್ರು ಕಂಡದ್ದು ಇಷ್ಟು. ಒಡೀಲಿಯಾ ಹಿಂದಕ್ಕೆ ಓಡಿದಳು. ಮುಖ ನೀರಿನ ಕಡೆಗೆ, ಕಾಲು ದಂಡೆಯ ಕಡೆಗೆ, ಐವತ್ತೆಂಟರ ಹೆಂಗಸು ಕಲ್ಲಿನ ಮೇಲೆ ಹಿಮ್ಮುಖವಾಗಿ ಮೊಲದ ಹಾಗೆ. ಕೋಲು ಕಂಕುಳಿನಿಂದ ಕಳಚಿ ಬಿತ್ತು, ಅದರ ಮೇಲೆ ಹಾರಿದಳು, ಒಲಾಸಾಬಲ್‌ನನ್ನು ದಾಟಿದಳು, ಕಲಾಫಾತೆಯ ಮುಳ್ಳುಪೊದೆಗೆ ಬೆನ್ನು ತಾಗಿದ ಮೇಲೆಯೇ ನಿಂತದ್ದು. ಅಷ್ಟರಲ್ಲಿ ಟ್ರೌಟು ದಂಡೆಯ ಅಂಚಿನ ತೆಳುನೀರಿನಲ್ಲಿ ಬಾಲ ಬಡಿಯುತ್ತಿತ್ತು.

ಅದನ್ನು ನೋಡಿ ಆಕೆಗೆ ಎಚ್ಚರವಾದಂತಾಯಿತು. ನೀರಿಗೆ ಹೋಗಿ ಕೈ ಒದ್ದೆ ಮಾಡಿಕೊಂಡಳು, ಮೀನನ್ನು ನೀರಿನೊಳಗೇ ಹಿಡಿದಳು, ಮುಳ್ಳು ಚಪ್ಪಟೆ ಮಾಡಿದ ಗಾಳವನ್ನು ಬೆರಳಲ್ಲಿ ತಿರುಗಿಸಿ ಬಿಡಿಸಿದಳು, ಅದು ತಾನಾಗಿ ಹೋಗುವ ತನಕ ಹೊಟ್ಟೆಯ ಕೆಳಗೆ ಅಂಗೈ ಇಟ್ಟಿದ್ದಳು. ನಿಯಮದಲ್ಲಿ ಹೇಳಿದಂತೆಯೇ. ಆಮೇಲೆ ಎದ್ದು ಕಲ್ಲಿನ ಮೇಲೆ ಬಿದ್ದ ಕೋಲನ್ನು ನೋಡಿದಳು. ಎಡಗೈ ಸುತ್ತ ದಾರದ ಕೆಂಪು ಗೆರೆ ಎದ್ದಿತ್ತು.

"ಕೆಟ್ಟೆ" ಎಂದಳು.

ಒಲಾಸಾಬಲ್ ನಿಯಮಾವಳಿಯನ್ನು ತೆರೆದು ಒಂದು ಹಾಳೆ ಓದಿದ; ಹಿಂದಿನದನ್ನು ಓದಿದ; ಮತ್ತೆ ಮುಂದಿನದನ್ನು.

"ನೊಣ" ಎಂದ, ಯಾರಿಗೆಂದಲ್ಲ. "ನೊಣ ಹೌದು. ಎಸೆದದ್ದು ಕೋಲಿನಿಂದ. ಕೈಯಿಂದ ಎಳೆದದ್ದೂ ಹೌದು."

"ಕೋಲು ಬಿಟ್ಟು ಓಡಬಾರದು ಅಂತ ಇದೆಯಾ?" ಎಂದು ಮೇಷ್ಟ್ರು ಕೇಳಿದರು. ಮೂವತ್ತೊಂದು ವರ್ಷ ಪರೀಕ್ಷೆ ನಡೆಸಿದ ದನಿ ಅದು.

"ಇಲ್ಲ. ಯಾರಾದರೂ ಓಡ್ತಾರೆ ಅಂತ ಬರೆದವರಿಗೆ ಅನ್ನಿಸಿರಲಿಕ್ಕಿಲ್ಲ." ಅವನು ಒಡೀಲಿಯಾಳ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಹಾದಿ ತಪ್ಪಿದವನ ನೋಟವಿತ್ತು. "ಸೆನ್ಯೋರಾ, ಅತಿಥಿಗಳ ಜೊತೆ ಇದ್ದಾಗಲೂ ನೀವು ಓಡ್ತೀರಾ?"

"ದೋಣಿಯಲ್ಲಿ ಎಲ್ಲಿಗೆ ಓಡ್ಲಿ, ಸೆನ್ಯೋರ್?"

ಅವನು ಅದನ್ನು ನಿಜವಾಗಿ ಯೋಚಿಸಿದ. "ಹಾಗಾದರೆ ದೋಣಿ ಇಳಿಸಿ" ಎಂದ.

ಮೇಷ್ಟ್ರೂ ಫೌಸ್ತೊನೂ ಸೇರಿ ದೋಣಿ ಮಗುಚಿ ನೀರಿಗೆ ತಳ್ಳಿದರು. ಒಲಾಸಾಬಲ್ ಮುಂದೆ ಕೂತ, ಮೇಷ್ಟ್ರು ಸಾಕ್ಷಿಯೆಂದು ಹಿಂದೆ. ಆಕೆ ಹುಟ್ಟು ಹಿಡಿದ ಕೂಡಲೇ ಬೇರೆಯವಳಾದಳು. ಎರಡು ತಿಂಗಳ ಗಲಿಬಿಲಿ ಭುಜದಿಂದ ಜಾರಿತು. ಜೊಂಡು ಮುಗಿದು ನೀರು ಕಡುನೀಲಿಯಾಗುವ ಅಂಚಿಗೆ ಒಯ್ದು ಕಲ್ಲಿನ ಲಂಗರು ಇಳಿಸಿದಳು.

"ನೀವು ಎಸೀರಿ" ಎಂದಳು.

"ನಾನು ಪರೀಕ್ಷಕ."

"ದೋಣಿ ಹತ್ತಿದ ಮೇಲೆ ನೀವು ಅತಿಥಿ. ಎಸೀರಿ. ಆ ಕಡೆ ಅಲ್ಲ, ಈ ಕಡೆ, ಜೊಂಡಿನ ಬಾಯಿಗೆ. ಕೋಲು ಕಂಕುಳಲ್ಲಿ ಇಟ್ಕೊಳ್ಳಿ. ಈಗ ಅಂಗೈಗೆ ಸುತ್ತಿ. ಹಾಗಲ್ಲ, ನಿಲ್ಲಿಸ್ಬೇಡಿ. ಡಬ್ಬಿ ಹಿಡಿದಿದೀನಿ ಅಂದ್ಕೊಳ್ಳಿ."

"ನಾನು ಡಬ್ಬಿ ಹಿಡಿದವನೇ ಅಲ್ಲ, ಸೆನ್ಯೋರಾ."

"ನಿಮ್ಮಜ್ಜಿ ಉಲ್ಲನ್ ಉಂಡೆ ಸುತ್ತಿದ್ದು ನೋಡಿಲ್ವಾ? ಹಾಗೆ."

ಅವನು ಸುತ್ತಿದ. ಮೂರನೆಯ ಎಸೆತಕ್ಕೆ ಮೀನು ಹಿಡಿಯಿತು. ಅವನು ಎದ್ದು ನಿಂತ. ಆಕೆ ಹುಟ್ಟಿನಿಂದ ಅವನ ಮೊಣಕಾಲಿಗೆ ಮೆಲ್ಲಗೆ ತಟ್ಟಿ ಕೂರಿಸಿದಳು. ಮೀನನ್ನು ಬಿಟ್ಟ ಮೇಲೆ ಅವನು ಬಹಳ ಹೊತ್ತು ತನ್ನ ಅಂಗೈಯನ್ನೇ ನೋಡುತ್ತಿದ್ದ.

"ಇದು ಯಾಕೆ ಹಿಡೀತು?" ಎಂದು ಕೇಳಿದ.

"ನಂಗೂ ಗೊತ್ತಿಲ್ಲ" ಎಂದಳು ಒಡೀಲಿಯಾ. "ನಲವತ್ತು ವರ್ಷ ಕೈಗೆ ಗೊತ್ತಿತ್ತು, ಅದು ನಂಗೆ ಹೇಳ್ಲೇ ಇಲ್ಲ. ಡಬ್ಬಿ ಡಬ್ಬಿಗೆ, ನೊಣ ನೊಣಕ್ಕೆ ಅಂತ ನಾನೇ ಬೇರೆ ಬೇರೆ ಇಟ್ಟಿದ್ದೆ."

ಚೀಟಿ ಮೂರು ವಾರದ ಮೇಲೆ ಬಂತು. ಭಾವಚಿತ್ರ, ಮುದ್ರೆ, ಸಂಖ್ಯೆ ಎಲ್ಲ ಸರಿಯಾಗಿಯೇ ಇತ್ತು. ಕೆಳಗೆ ಷರಾ ಎಂಬ ಕಡೆ ಕೈಬರಹದ ಒಂದು ಸಾಲು: ದೋಣಿಯಿಂದ ಮಾತ್ರ, ದಂಡೆಯಲ್ಲಿ ಮಾರ್ಗದರ್ಶನ ಮಾಡತಕ್ಕದ್ದಲ್ಲ. ಒಡೀಲಿಯಾ ಅದನ್ನು ಮೇಷ್ಟ್ರ ಹತ್ತಿರ ತಂದಳು.

"ಇದರರ್ಥ ಪಾಸಾ, ಫೇಲಾ?"

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. "ನೀರಿನಲ್ಲಿ ಪಾಸು. ನೆಲದಲ್ಲಿ ಏನು ಅಂತ ಸ್ಪಷ್ಟ ಇಲ್ಲ."

"ನನಗೆ ಬೇಕಾಗಿದ್ದು ನೀರೇ" ಎಂದು ಆಕೆ ಚೀಟಿಯನ್ನು ಅಂಗಿಯೊಳಗೆ ಇಟ್ಟುಕೊಂಡಳು. ಬಾಗಿಲ ತನಕ ಹೋಗಿ ತಿರುಗಿದಳು. "ಆದರೂ ಮೇಷ್ಟ್ರೇ, ಮೀನು ಹಿಡಿದದ್ದು ದಂಡೇಲಲ್ವಾ?"

ಮೇಷ್ಟ್ರು ಕನ್ನಡಕ ತೆಗೆದು ಮತ್ತೆ ಒರೆಸಿಕೊಂಡರು.

ಈಗ ಏಪ್ರಿಲ್, ಇಲ್ಲಿ ಎಲೆ ಉದುರಿ ಚಳಿ ಶುರುವಾಗುವ ಕಾಲ. ಲೆಂಗಾ ಮರಗಳು ಕೆಂಪಾಗಿವೆ, ಬೆಳಿಗ್ಗೆ ದೋಣಿಯ ಅಂಚಿಗೆ ಇಬ್ಬನಿ ಹೆಪ್ಪುಗಟ್ಟುತ್ತದೆ. ಒಡೀಲಿಯಾ ವಾರದಲ್ಲಿ ನಾಲ್ಕು ದಿನ ಅತಿಥಿಗಳನ್ನು ಕೂರಿಸಿಕೊಂಡು ಹೋಗುತ್ತಾಳೆ. ಷರಾ ಮೀರಬಾರದೆಂದು ಬಹಳ ಜಾಗ್ರತೆ. ದಂಡೆಯಲ್ಲಿ ನಿಂತು ಯಾರಾದರೂ ಯಾವ ನೊಣ ಹಾಕಲಿ ಎಂದು ಕೇಳಿದರೆ ಆಕೆ ಬಾಯಿ ಬಿಡುವುದಿಲ್ಲ. ಕಟ್ಟಿ ಹಾಕಿದ ದೋಣಿಯೊಳಗೆ ಹೋಗಿ ಕೂತು, "ಈಗ ಕೇಳಿ" ಎನ್ನುತ್ತಾಳೆ. ಉಳಿದ ಮೂರು ದಿನ ಕಟ್ಟುವ ಕೆಲಸ. ನದಿಯವರಿಗೆ ಸೀಸದ ಕಣ್ಣಿನದು, ಸರೋವರಕ್ಕೆ ಸೀಸವಿಲ್ಲದ್ದು, ಎರಡು ಡಬ್ಬ. ಫೌಸ್ತೊ ಈಚೆಗೆ ಎರಡೂ ಕೊಂಡುಕೊಳ್ಳುತ್ತಾನೆ, ಯಾವುದು ಯಾವುದೆಂದು ಗೊತ್ತಾಗುತ್ತಿಲ್ಲವೆಂದು ಗೊಣಗುತ್ತಾನೆ.

ಮಳೆ ಬಿದ್ದ ಮೇಲೆ ನೀರು ತಣ್ಣಗಾಗಿ ಮೀನುಗಳು ಆಳಕ್ಕಿಳಿದಿವೆ. ಎರಡು ವಾರದಿಂದ ಅಂಗೈಗೆ ಸುತ್ತಿದರೆ ಒಂದೂ ಬರುತ್ತಿಲ್ಲ. ಜೋರಾಗಿ ಸುತ್ತಿದಳು, ಮೆಲ್ಲಗೆ ಸುತ್ತಿದಳು, ಎಡಗೈಯಿಂದ ಬಲಗೈಗೆ ಸುತ್ತಿದಳು. ನಿನ್ನೆ ರೊಸಾರಿಯೊದಿಂದ ಬಂದ ದಂಪತಿಗಳು ದೋಣಿಯಲ್ಲಿದ್ದರು, ಮೇಷ್ಟ್ರು ಹಿಂದೆ ಕೂತು ನೋಟುಬುಕ್ಕಿನ ಅಂಕಣ ತುಂಬುತ್ತಿದ್ದರು. ಹೆಂಗಸು ದಾರವನ್ನು ಸುತ್ತುವುದು ಮರೆತು ಬೆಟ್ಟ ನೋಡುತ್ತ ಕೂತಿದ್ದಾಗ, ಮೆಲ್ಲಮೆಲ್ಲಗೆ ಇಳಿದು ಏನೂ ಮಾಡದೆ ತಳದಲ್ಲಿ ಬಿದ್ದಿದ್ದ ಅವಳ ನೊಣವನ್ನು ಟ್ರೌಟು ಹಿಡಿಯಿತು. ಒಡೀಲಿಯಾ ಇವತ್ತು ಬೆಳಿಗ್ಗೆ ಒಬ್ಬಳೇ ದೋಣಿ ತೆಗೆದುಕೊಂಡು ಅದೇ ಜಾಗಕ್ಕೆ ಹೋಗಿದ್ದಾಳೆ. ನೊಣವನ್ನು ತಳಕ್ಕೆ ಬಿಟ್ಟು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು, ಏನೂ ಮಾಡದೆ ಕೂತಿರಲು ಪ್ರಯತ್ನಿಸುತ್ತಿದ್ದಾಳೆ.